ಮೇಗುತಿ ಗುಡ್ಡದ ಕಲ್ಲುಗೂಡುಗಳು ಕುಳ್ಳರ ಮನೆಗಳೇ?

ಕೂಡಲಸಂಗಮಕ್ಕೆ ಬಂದ ಹಲವರು ಬಸವಣ್ಣನವರ ಐಕ್ಯಮಂಟಪದ ದರ್ಶನ ಮುಗಿಸಿ, ಅಮೀನಗಡದ ಮೇಲೆ ಐಹೊಳೆಗೆ ಹೋಗುತ್ತಾರೆ. ಅಲ್ಲಿ ಗುಡ್ಡ ಹತ್ತಿದರೆ ಮೇಗುತಿ ಜಿನಾಲಯ ಸಿಗುತ್ತದೆ. ಇಮ್ಮಡಿ ಪುಲಕೇಶಿಯನ್ನು ಹೊಗಳುವ ಕವಿ ರವಿಕೀರ್ತಿಯ ಕ್ರಿ.ಶ. 634–35ರ ಶಾಸನ ಇರುವುದು ಇಲ್ಲಿಯೇ. ಜಿನಾಲಯದ ಹಿಂದಕ್ಕೆ ನಡೆದರೆ, ಅದಕ್ಕಿಂತಲೂ ಬಹಳ ಹಳೆಯ ಕಲ್ಲುಗೂಡುಗಳು ಕಾಣುತ್ತವೆ. ನೆಟ್ಟಗೆ ನಿಲ್ಲಿಸಿದ ಚಪ್ಪಡಿಗಳ ಮೇಲೆ ಒಂದು ದೊಡ್ಡ ಹಾಸುಗಲ್ಲು, ಅಷ್ಟೇ.

ಉತ್ತರ ಕರ್ನಾಟಕದಲ್ಲಿ ಇಂಥವನ್ನು ‘ಮೋರ್ಯರ ಮನೆ’ ಎನ್ನುವುದುಂಟು. ಮೋರ್ಯರು ಬಹಳ ಕುಳ್ಳರಾಗಿದ್ದರು, ಅದಕ್ಕೇ ಮನೆಗಳೂ ಚಿಕ್ಕವು ಎಂಬುದು ನಂಬಿಕೆ. ಇದು ನಿಜವೇ?

ಅಲ್ಲ. ಇವು ಮನೆಗಳಲ್ಲ, ಕಬ್ಬಿಣ ಯುಗದ ಜನರ ಸಮಾಧಿಗಳು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದೇ ಪರಂಪರೆಯ ಕಲ್ಲಿನ ಸಮಾಧಿಗಳನ್ನು ಉತ್ಖನನ ಮಾಡಿದಾಗ ಮನುಷ್ಯರ ಮೂಳೆಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಲಕರಣೆಗಳು ಸಿಕ್ಕವು. ಮೂಳೆಗಳು ಅಸ್ಥಿಪಂಜರದಂತೆ ಕೂಡಿಕೊಂಡಿರದೆ ಬಿಡಿಬಿಡಿಯಾಗಿದ್ದವು. ಶವವನ್ನು ಮೊದಲು ಬೇರೆಡೆ ಇಟ್ಟು, ಆಮೇಲೆ ಮೂಳೆಗಳನ್ನಷ್ಟೇ ಆಯ್ದು ತಂದು ಇಡುವ ಪದ್ಧತಿ ಇತ್ತೆಂದು ಇದರಿಂದ ತಿಳಿಯುತ್ತದೆ. ಆಯ್ದ ಮೂಳೆಗಳಿಗೆ ಆಳುದ್ದದ ಜಾಗ ಬೇಕಿಲ್ಲ. ಗೂಡು ಚಿಕ್ಕದಾಗಿದೆ ಎಂದ ಮಾತ್ರಕ್ಕೆ ಜನರೂ ಕುಳ್ಳರಾಗಿದ್ದರು ಎನ್ನಲಾಗದು.

ಹಾಗಾದರೆ ಅವರು ವಾಸವಿದ್ದದ್ದು ಎಲ್ಲಿ? ಮಣ್ಣು, ಮರ, ಹುಲ್ಲಿನಿಂದ ಕಟ್ಟಿದ ಮನೆಗಳು ಮಳೆ-ಬಿಸಿಲಿಗೆ ಕರಗಿಹೋಗುತ್ತವೆ, ಸತ್ತವರಿಗಾಗಿ ಇಟ್ಟ ಕಲ್ಲು ಉಳಿಯುತ್ತದೆ. ಇಟಲಿಯಲ್ಲೂ ಇದೇ ಕಥೆ. ರೋಮನ್ನರಿಗಿಂತ ಮೊದಲು ಏಳಿಗೆಗೆ ಬಂದ ಎಟ್ರುಸ್ಕನ್ನರ ಗುಡ್ಡದ ಊರುಗಳಲ್ಲಿ ಮನೆಗಳು ಹೆಚ್ಚು ಉಳಿದಿಲ್ಲ. ಆದರೆ ಚೆರ್ವೆತೆರಿಯಲ್ಲಿ ಬಂಡೆ ಕೊರೆದು ಮಾಡಿದ ಸಮಾಧಿಗಳೊಳಗೆ ಬಾಗಿಲು, ತೊಲೆ, ಮಂಚಗಳನ್ನೂ ಕೆತ್ತಿದ್ದಾರೆ. ಅವರ ಮನೆಗಳು ಹೇಗಿದ್ದವೆಂದು ವಿದ್ವಾಂಸರು ಊಹಿಸುವುದು ಈ ಸಮಾಧಿಗಳನ್ನು ನೋಡಿಯೇ. 2004ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಕುಳ್ಳರ ಕಥೆ ಕೇಳಲು ಚೆಂದ, ಅದರಿಂದ ಕೇಡಿಲ್ಲ. ಕೇಡಿರುವುದು ‘ಒಳಗೆ ನಿಧಿ ಇದೆ’ ಎಂಬ ನಂಬಿಕೆಯಲ್ಲಿ. ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಡಕೆ, ಮಣಿ, ಕಬ್ಬಿಣ. ಯಾವ ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದೇ ಇತಿಹಾಸಕ್ಕೆ ಸಾಕ್ಷಿ. ನಿಧಿಯಾಸೆಗೆ ಒಮ್ಮೆ ಅಗೆದರೆ ಆ ಸಾಕ್ಷಿ ಮತ್ತೆ ಬಾರದು. ಬರೆದಿಟ್ಟ ಶಾಸನವಿಲ್ಲದ ಆ ಜನರ ಬಗ್ಗೆ ತಿಳಿಯಲು ನಮಗೆ ಬೇರೆ ದಾರಿ ಕಡಿಮೆ.

ಐಹೊಳೆಗೆ ಹೋದಾಗ ಜಿನಾಲಯದ ಹಿಂದಕ್ಕೂ ಹೋಗಿ ನೋಡಿ. ಹಾಸುಗಲ್ಲಿನ ಮೇಲೆ ಹತ್ತಬೇಡಿ, ಚಪ್ಪಡಿಗಳನ್ನು ಕದಲಿಸಬೇಡಿ. ಅದು ಯಾರದೋ ಹಿರಿಯರ ಸಮಾಧಿ.