ಒಂದು ಒಲೆಯ ಸುತ್ತ

ವಿಶ್ವವಿದ್ಯಾಲಯದ ನಕ್ಷೆ ಬರೆಯುವಾಗಲೇ ವಿಭಾಗಕ್ಕೊಂದು ಕಟ್ಟಡ, ಕಟ್ಟಡಕ್ಕೊಂದು ಗೇಟು ಎಂದು ಹಂಚಿಬಿಡುತ್ತೇವೆ. ಆಮೇಲೆ ಅಂತರಶಿಸ್ತೀಯ ಸಂಶೋಧನೆ ನಡೆಯುತ್ತಿಲ್ಲ ಎಂದು ಕೊರಗುತ್ತೇವೆ. ಇಂಥ ಮಾತು ಬಂದಾಗೆಲ್ಲ ನನಗೆ ನೆನಪಾಗುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’, ಅಂದರೆ ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗಳ ಬಳಕೆಗೆ ತರುವ ಕೇಂದ್ರ. ಅದನ್ನು ಕಟ್ಟಿದ ಅಮೂಲ್ಯ ರೆಡ್ಡಿ ವಿದ್ಯುತ್‌ರಸಾಯನ ವಿಜ್ಞಾನಿ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸತೀಶ್ ಧವನ್. ಅಸ್ತ್ರದವರು ಪ್ರಯೋಗಾಲಯ ಬಿಟ್ಟು ತುಮಕೂರು ಜಿಲ್ಲೆಯ ಉಂಗ್ರ ಗ್ರಾಮಕ್ಕೆ ಹೋದರು. ಹಳ್ಳಿಯ ಅಡುಗೆಮನೆಯನ್ನೇ ನೋಡಿ. ಹಸಿ ಸೌದೆ, ಊದುಗೊಳವೆ, ಹೊಗೆಗೆ ನೀರೂರುವ ಕಣ್ಣು, ಮಸಿ ಹಿಡಿದ ತೊಲೆ. ಗಾಳಿ ಎಲ್ಲಿಂದ ಒಳಬರಬೇಕು, ಉರಿ ಪಾತ್ರೆಯ ತಳಕ್ಕೆ ಹೇಗೆ ತಾಗಬೇಕು, ಮಣ್ಣು ಬಿರುಕು ಬಿಡದಿರಲು ಏನು ಮಾಡಬೇಕು, ಮುದ್ದೆ ತೊಳಸುವಾಗ ಪಾತ್ರೆ ಅಲುಗದೆ ನಿಲ್ಲುತ್ತದೆಯೇ? ಇವು ಯಾವ ಒಂದು ವಿಭಾಗದ ಪ್ರಶ್ನೆಗಳೂ ಅಲ್ಲ. ಕೊನೆಯದಕ್ಕಂತೂ ಆ ಮನೆಯಾಕೆಯೇ ಉತ್ತರಿಸಬೇಕು. ಮೂರು ಪಾತ್ರೆ ಕೂರುವ ಅಸ್ತ್ರ ಒಲೆ ಇಂಥ ಪ್ರಶ್ನೆಗಳಿಂದಲೇ ಹುಟ್ಟಿದ್ದು. ಹಾಗಾಗಿ ಮಾದರಿ ಕ್ಯಾಂಪಸ್ ಕಟ್ಟುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಎಲ್ಲರಿಗೂ ಒಂದೇ ವರ್ಕ್‌ಶಾಪ್, ಒಂದೇ ಕ್ಯಾಂಟೀನು ಇರಲಿ, ಜಂಟಿ ಕೆಲಸಕ್ಕೂ ಬಡ್ತಿಯಲ್ಲಿ ಪೂರ್ತಿ ಅಂಕ ಸಿಗಲಿ, ಪಕ್ಕದ ಊರಿಗೆ ಹೋಗುವ ದಾರಿಗೆ ಕಾಂಪೌಂಡು ಅಡ್ಡ ಬರದಿರಲಿ.