ಸೂಕ್ಷ್ಮ ಚಿತ್ರಣಕ್ಕೆ ಎಷ್ಟು ಸಣ್ಣ ರಂಧ್ರ?

ನಮ್ಮ ಕಾಲೇಜಿನ ಚಿತ್ರಕಲಾ ಸಂಘದ ಕಳೆದ ಸಭೆಯಲ್ಲಿ ಮುಂದಿನ ವರ್ಷದ ಹಣದಿಂದ ಒಂದು ಏರ್‌ಬ್ರಷ್ ಕೊಳ್ಳಬೇಕೆಂಬ ಸಲಹೆ ಬಂದಿತು. ರಾಜ್ಯೋತ್ಸವಕ್ಕೆ ಸಾಹಿತಿಗಳ ಭಾವಚಿತ್ರಗಳಾಗಬೇಕು, ವಾರ್ಷಿಕೋತ್ಸವದ ನಾಟಕಕ್ಕೆ ಪರದೆಯಾಗಬೇಕು, ಸಲಹೆ ಯೋಗ್ಯವಾದುದೇ. ಆದರೆ "ಸೂಕ್ಷ್ಮ ಕೆಲಸಕ್ಕೆ ತಾನೇ? ಹಾಗಾದರೆ 0.2 ಮಿಲಿಮೀಟರ್ ನಾಜಲ್ ಇರುವುದನ್ನೇ ತರಿಸೋಣ" ಎಂದು ಮಿತ್ರರೊಬ್ಬರು ನುಡಿದಾಗ ಸಭೆಯೆಲ್ಲ ತಲೆದೂಗಿತು. ನಾನೊಬ್ಬ ತಲೆದೂಗಲಿಲ್ಲ. ಗಂಟೆ ಹೊಡೆದುದರಿಂದ ಅಂದು ನನ್ನ ಮಾತಿಗೆ ಅವಕಾಶವಾಗಲಿಲ್ಲ. ಸಂಪಾದಕರು ಈ ಪುಟಗಳಲ್ಲಿ ಅವಕಾಶವಿತ್ತಿದ್ದಾರೆ. ನಾವು ಕೊಳ್ಳಬೇಕಾದುದು 0.3ರ ನಾಜಲ್ಲೇ ಹೊರತು 0.2 ಅಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಉಪಕರಣವನ್ನು ಕಾಣದವರಿಗಾಗಿ ಎರಡು ಮಾತು. ಇದು ಹೊಸದೇನಲ್ಲ. ಇಂದಿನ ಏರ್‌ಬ್ರಷ್ಷಿನ ರೂಪಕ್ಕೆ ಹತ್ತಿರವಾದುದನ್ನು ಅಮೆರಿಕದ ಚಾರ್ಲ್ಸ್ ಬರ್ಡಿಕ್ 1890ರ ದಶಕದ ಆರಂಭದಲ್ಲೇ ರೂಪಿಸಿದನು. ದಪ್ಪ ಲೇಖನಿಯಂತಹ ಒಂದು ಕೊಳವೆ. ಅದರೊಳಗೆ ಉದ್ದಕ್ಕೂ ಒಂದು ಸೂಜಿ. ಸೂಜಿಯ ತುದಿ ಹೋಗಿ ಕೂರುವ ಸಣ್ಣ ಶಂಕುವಿನಾಕಾರದ ಮೂತಿಯೇ ನಾಜಲ್. ಬೆರಳಿನಡಿಯ ಗುಂಡಿಯನ್ನು ಒತ್ತಿದರೆ ಗಾಳಿ, ಒತ್ತಿ ಹಿಂದಕ್ಕೆಳೆದರೆ ಬಣ್ಣ. ವೇಗವಾಗಿ ಹಾಯುವ ಗಾಳಿಯು ತುದಿಯಲ್ಲಿ ಬಣ್ಣವನ್ನು ಹೊರಕ್ಕೆಳೆದು ಮಂಜಿನಂತೆ ಒಡೆಯುತ್ತದೆ.

ನಮ್ಮ ಮಿತ್ರರು ಎಡವಿದುದು ಇಲ್ಲಿಯೇ. 0.2 ಎಂದರೆ ಆ ಮೂತಿಯ ರಂಧ್ರದ ವ್ಯಾಸ. ಅದು ಗೆರೆಯ ಅಗಲವೆಂದು ಅವರು ಭಾವಿಸಿದಂತಿದೆ. ಬಣ್ಣ ಹೊರಡುವುದು ಇಡೀ ರಂಧ್ರದಿಂದಲ್ಲ. ಸೂಜಿಗೂ ರಂಧ್ರದ ಅಂಚಿಗೂ ನಡುವೆ ಬಿಟ್ಟುಕೊಳ್ಳುವ ಸಂದಿನಿಂದ. ಗುಂಡಿಯನ್ನು ಕೂದಲೆಳೆಯಷ್ಟು ಎಳೆದರೆ 0.3ರಲ್ಲಿಯೂ ಆ ಸಂದು ಕೂದಲೆಳೆಯಷ್ಟೇ. ಆದುದರಿಂದ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಂಕಿಯು ಹೆಚ್ಚೆಂದರೆ ಎಷ್ಟು ಬಣ್ಣ ಹೊರಟೀತೆಂಬುದನ್ನು ತಿಳಿಸುತ್ತದೆಯೇ ಹೊರತು ಕಡಿಮೆಯೆಂದರೆ ಎಷ್ಟೆಂಬುದನ್ನಲ್ಲ. ಗಣಿತದ ಮಿತ್ರರು ಲೆಕ್ಕ ಹಾಕಿ ನೋಡಬಹುದು: 0.3ರ ರಂಧ್ರದ ವಿಸ್ತೀರ್ಣ 0.2ರದಕ್ಕಿಂತ ಎರಡೂಕಾಲು ಪಟ್ಟು. ಗೆರೆಯನ್ನೂ ಎಳೆದು, ಹೊತ್ತು ಬಂದಾಗ ಹಿನ್ನೆಲೆಯ ಆಕಾಶವನ್ನೂ ತುಂಬಬಲ್ಲ ಸಾಮರ್ಥ್ಯ ಆ ಎರಡೂಕಾಲರಲ್ಲಿದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಸೋದರಮಾವ ಗಣಪತಿ ಮಾಡುವವರು. ಪ್ರತಿ ಶ್ರಾವಣದಲ್ಲಿ ಬಣ್ಣದ ಕೆಲಸಕ್ಕೆ ನಾನು ಕೈಗೂಡಿಸುವುದುಂಟು. ಎರಡು ವರ್ಷಗಳ ಹಿಂದೆ, ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ ಎಂಬ ಹಮ್ಮಿನಿಂದ, ವಿದ್ಯಾರ್ಥಿವೇತನದ ಹಣದಲ್ಲಿ 0.2ರ ಏರ್‌ಬ್ರಷ್ ತಂದೆ. ಕಿರೀಟದ ನೆರಳು, ಸೊಂಡಿಲಿನ ಮಡಿಕೆ ಎಲ್ಲವೂ ನನ್ನದೇ ಎಂದು ಮಾವನಿಗೆ ಮಾತು ಕೊಟ್ಟೆ. ಐದು ನಿಮಿಷ ಬಣ್ಣ ಬರುವುದು, ನಿಲ್ಲುವುದು. ಬಿಚ್ಚಿ ತೊಳೆಯುವುದು, ಮತ್ತೆ ನಿಲ್ಲುವುದು. ಸಿಟ್ಟು ಬಂದು ಸೂಜಿಯನ್ನು ಮುಂದಕ್ಕೆ ಜೋರಾಗಿ ತಳ್ಳಿದೆ. ಮೂತಿಯ ಅಂಚು ಅಗಲಿ ಹೋಗಿ ಬಣ್ಣವೆಲ್ಲ ಓರೆಯಾಗಿ ಸಿಡಿಯತೊಡಗಿತು. ಬಿಡಿ ನಾಜಲ್ ನಮ್ಮ ಊರಿನಲ್ಲೆಲ್ಲಿ ಸಿಗಬೇಕು? "ಏನೋ ಪಂಡಿತ, ನಿನ್ನ ಪಿಚಕಾರಿಗೆ ಮೂಗು ಕಟ್ಟಿತಲ್ಲೋ!" ಎಂದು ಮಾವ ನಕ್ಕರು. ನಕ್ಕವರೇ ಎರಡು ರಾತ್ರಿ ನಿದ್ದೆಗೆಟ್ಟು, ಮುಂಗಡ ಪಡೆದಿದ್ದ ಹನ್ನೊಂದು ಗಣಪತಿಗಳನ್ನು ಕುಂಚದಿಂದಲೇ ಮುಗಿಸಿದರು. ಆ ನಗು ನನಗೆ ಇನ್ನೂ ಮರೆತಿಲ್ಲ.

ಕಟ್ಟಿಕೊಂಡುದೇಕೆ? ಬಣ್ಣದ ಪುಡಿಯ ಕಣಗಳೇನೂ ಆ ರಂಧ್ರಕ್ಕಿಂತ ದೊಡ್ಡವಲ್ಲ. ಬಟ್ಟಲಿನ ಅಂಚಿನಲ್ಲಿ ಒಣಗಿ ಉದುರುವ ಪೊರೆ, ಸರಿಯಾಗಿ ಕರಗದ ಗಂಟು, ಗಾಳಿಯ ಧೂಳು, ಸೂಜಿಯ ತುದಿಯಲ್ಲೇ ಹೆಪ್ಪುಗಟ್ಟುವ ಅಕ್ರಿಲಿಕ್, ಇವು ಕಾರಣ. ಎಲ್ಲಕ್ಕಿಂತ ಕಾಡುವುದು ಬಿಳಿಯ ಬಣ್ಣ. ನಮ್ಮ ಸಂಘ ಮೊದಲು ಬರೆಯಬೇಕೆಂದಿರುವುದು ಶಿವರಾಮ ಕಾರಂತರ ಭಾವಚಿತ್ರವಂತೆ! ಆ ಬಿಳಿಗೂದಲನ್ನು 0.2ರ ಮೂತಿಯಲ್ಲಿ ಬಿಳಿ ಅಕ್ರಿಲಿಕ್ ಹಾಕಿ ಎಳೆಯಹೊರಟವರಿಗೆ ಬಹಳ ತಾಳ್ಮೆ ಬೇಕಾದೀತು. ಹಾಯಲೆಂದು ತೀರ ನೀರಾಗಿಸಿದರೆ ಬಿಳಿಯು ಮುಚ್ಚುವುದಿಲ್ಲ. ಕಾಗದದ ಮೇಲೆ ಜೇಡನ ಕಾಲುಗಳಂತೆ ಹರಿದೋಡುತ್ತದೆ. 0.3ರಲ್ಲಿ ಹಾಲಿನ ಹದದ ಬಣ್ಣ, ತೆಳು ಬಟ್ಟೆಯಲ್ಲಿ ಸೋಸಿದ್ದು, ತಕರಾರಿಲ್ಲದೆ ಹೊರಡುತ್ತದೆ. ಕೊನೆಯ ನಾಲ್ಕು ಕೂದಲನ್ನು ಕುಂಚದಿಂದಲೇ ಬರೆದರೆ ಅವಮಾನವೇನೂ ಇಲ್ಲ. ಮೈಸೂರು ಶೈಲಿಯ ಚಿತ್ರಕಾರರು ಅಳಿಲಿನ ಕೂದಲ ಕುಂಚದಲ್ಲಿ ಎಂತಹ ಗೆರೆ ಎಳೆದಿದ್ದಾರೆಂಬುದನ್ನು ನೋಡಿದವರು ಬಲ್ಲರು.

ಹಾಗಾದರೆ ಗೆರೆ ಸಣ್ಣದಾಗುವುದು ಹೇಗೆ? ಬಣ್ಣ ಹೊರಡುವುದು ಶಂಕುವಿನಾಕಾರದಲ್ಲಿ. ದೂರ ಅರ್ಧವಾದರೆ ಅಗಲವೂ ಅರ್ಧ. ಆದುದರಿಂದ ಕಾಗದಕ್ಕೆ ಒಂದು ಸೆಂಟಿಮೀಟರಿನಷ್ಟು ಹತ್ತಿರ ಹೋಗಬೇಕು. ಅಷ್ಟು ಹತ್ತಿರದಲ್ಲಿ ಗಾಳಿ ರಭಸವಾಗಿದ್ದರೆ ಬಣ್ಣ ಚೆಲ್ಲಾಡುವುದರಿಂದ ಒತ್ತಡವನ್ನು ಚದರ ಅಂಗುಲಕ್ಕೆ 15ರಿಂದ 20 ಪೌಂಡಿಗೆ ಇಳಿಸಬೇಕು, ಬಣ್ಣವನ್ನು ಇನ್ನಷ್ಟು ತೆಳುವಾಗಿಸಬೇಕು. ಉಳಿದುದು ಬೆರಳಿನ ಅಭ್ಯಾಸ. ಮೇಲೆ ಬಟ್ಟಲಿರುವ ಮಾದರಿಯನ್ನೇ ಆರಿಸಬೇಕು. ಬಣ್ಣ ತನ್ನ ಭಾರದಿಂದಲೇ ಇಳಿಯುವುದರಿಂದ ಕಡಿಮೆ ಒತ್ತಡ ಸಾಕು. ಕೆಳಗೆ ಶೀಶೆ ನೇತಾಡುವ ಮಾದರಿಗೆ ಬಣ್ಣವನ್ನು ಮೇಲಕ್ಕೆಳೆಯಲೆಂದೇ ಹೆಚ್ಚು ಗಾಳಿ ಬೇಕು.

0.2 ನಿಷ್ಪ್ರಯೋಜಕವೆಂದು ನಾನು ಹೇಳಿದರೆ ಸುಳ್ಳಾದೀತು. ಶಾಯಿಯಲ್ಲಿ, ನಯವಾದ ಕಾಗದದ ಮೇಲೆ, ಅಂಗೈಯಗಲದ ಚಿತ್ರ ಬರೆಯುವ ಪಳಗಿದ ಕೈಗೆ ಅದರ ಹಿಡಿತವೇ ಬೇರೆ. ಜಪಾನಿನ ಇವಾಟಾದವರು 0.18ರ ನಾಜಲ್ಲನ್ನೂ ಜರ್ಮನಿಯ ಹಾರ್ಡರ್ ಅಂಡ್ ಸ್ಟೀನ್‌ಬೆಕ್‌ನವರು 0.15ರದನ್ನೂ ಮಾಡಿರುವುದು ಅಂತಹವರಿಗಾಗಿಯೇ. ನಮ್ಮದು ಹತ್ತಾರು ಜನ ಕಲಿಯುವವರ ಕೈ ಬದಲಾಗುವ ಉಪಕರಣ. ಒಬ್ಬ ತೊಳೆಯದೆ ಇಟ್ಟುಹೋದರೆ ಸಾಕು.

ಹಣ ಉಳಿದರೆ ಅದು ಕಂಪ್ರೆಸರಿಗೆ ಹೋಗಲಿ. ಗಾಳಿ ಶೇಖರಿಸುವ ತೊಟ್ಟಿಯಿದ್ದರೆ ಒತ್ತಡ ಅದುರುವುದಿಲ್ಲ. ಮಳೆಗಾಲದಲ್ಲಿ ನೀರು ಹಿಡಿಯುವ ಸೋಸುಕ ಇಲ್ಲದಿದ್ದರೆ ಮುಗಿದ ಮುಖದ ಮೇಲೆ ಟಪ್ಪೆಂದು ನೀರಿನ ಹನಿ ಬೀಳುತ್ತದೆ. ಒಂದೇ ಮೈಗೆ ಬೇರೆ ಬೇರೆ ಅಳತೆಯ ನಾಜಲ್ ಕೂರುವ ಮಾದರಿಗಳೂ ಇವೆ. ಸೂಜಿಯನ್ನೂ ಜೊತೆಗೇ ಬದಲಿಸಬೇಕಷ್ಟೆ. ಅಂತಹುದನ್ನು ಕೊಂಡರೆ ಮಿತ್ರರ 0.2ರ ಆಸೆ ಎರಡು ವರ್ಷದ ಮೇಲೆ ನೆರವೇರಬಹುದು. ಅಷ್ಟರಲ್ಲಿ ನಾನು ಇಲ್ಲಿರುವುದಿಲ್ಲ.

ಇಷ್ಟಾದರೂ ಅವರಿಗೆ ಸಂದೇಹವಿದ್ದರೆ, ನನ್ನ ಹಳೆಯ ಏರ್‌ಬ್ರಷ್ಷಿಗೆ ಹೊಸ ನಾಜಲ್ ತರಿಸಿ ಹಾಕಿದ್ದೇನೆ. ಪರೀಕ್ಷೆಗಳು ಮುಗಿದ ಮರುದಿನ ಸಂಘದ ಕೊಠಡಿಗೆ ತರುತ್ತೇನೆ. ಬಿಳಿಯ ಬಣ್ಣವನ್ನು ಅವರೇ ತರಲಿ.