ನ್ಯಾಯದ ಸುಂಕವಾದರೆ ವಾಪಸ್ ಕೊಟ್ಟಿದ್ದೇಕೆ?

ಕೆನಡಾ ಮೆದುಮರವನ್ನು ಅಗ್ಗಕ್ಕೆ ಸುರಿಯುತ್ತಿದೆ, ಅಮೆರಿಕ ಸುಂಕ ಹೇರಿದ್ದು ನ್ಯಾಯವೇ ಎಂದು ಕಳೆದ ಸಂಚಿಕೆಯ ಲೇಖನ ತೀರ್ಪು ಕೊಟ್ಟುಬಿಟ್ಟಿದೆ. ಅದು ಅಮೆರಿಕದ ಸಾಮಿಲ್ ಮಾಲೀಕರ ವಾದ. ಲೇಖಕರು ಅದನ್ನೇ ಕಣ್ಣಿಗೊತ್ತಿಕೊಂಡಿದ್ದಾರೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಶೇ 90ಕ್ಕೂ ಹೆಚ್ಚು ಕಾಡು ಸರ್ಕಾರದ್ದು. ಕಡಿಯುವವರು ಪ್ರಾಂತ್ಯಕ್ಕೆ ‘ಸ್ಟಂಪೇಜ್’ ಶುಲ್ಕ ಕಟ್ಟುತ್ತಾರೆ. ಈ ಶುಲ್ಕ ತೀರಾ ಕಡಿಮೆ, ಹಾಗಾಗಿ ಸಬ್ಸಿಡಿಯೆಂಬ ಮೊದಲ ದೂರನ್ನು 1983ರಲ್ಲಿ ತಳ್ಳಿಹಾಕಿದ್ದು ಅಮೆರಿಕದ ವಾಣಿಜ್ಯ ಇಲಾಖೆಯೇ! 1986ರಲ್ಲಿ ಅದೇ ಇಲಾಖೆ ವರಸೆ ಬದಲಿಸಿತು. ಎರಡೂ ದೇಶಗಳ 2006ರ ಒಪ್ಪಂದದಲ್ಲಿ, ಸುಂಕವಾಗಿ ವಸೂಲಾಗಿದ್ದ ಸುಮಾರು 500 ಕೋಟಿ ಡಾಲರ್‌ನಲ್ಲಿ 400 ಕೋಟಿಯನ್ನು ಅಮೆರಿಕ ಮರಳಿಸಿತು. ಮಿಕ್ಕಿದ್ದರಲ್ಲಿ ಅರ್ಧ ಸೇರಿದ್ದು ಯಾರಿಗೆ? ದೂರು ಕೊಟ್ಟಿದ್ದ ಮರದ ಉದ್ಯಮಿಗಳ ಕೂಟಕ್ಕೆ. ಲೇಖನದಲ್ಲಿ ಇದರ ಸೊಲ್ಲೇ ಇಲ್ಲ.

ಗ್ರಾಹಕರಿಗೆ ಹೊರೆಯಿಲ್ಲ ಎಂಬ ಲೇಖನದ ಮಾತಂತೂ ಸುಳ್ಳು. ಅಮೆರಿಕದ ಬಹುಪಾಲು ಮನೆಗಳ ಗೋಡೆಯೊಳಗಿರುವುದು ಇಟ್ಟಿಗೆಯಲ್ಲ, 16 ಇಂಚಿಗೊಂದರಂತೆ ನಿಲ್ಲಿಸಿದ ಟೂ-ಬೈ-ಫೋರ್ ಮರದ ಪಟ್ಟಿಗಳು. ಬೆಲೆ ಏರಿದರೆ ಕತ್ತರಿ ಬೀಳುವುದು ಸಾಲ ಮಾಡಿ ಮನೆ ಕಟ್ಟುವವನ ಜೇಬಿಗೆ.

2025ರ ಅಕ್ಟೋಬರ್‌ನಲ್ಲಿ ಹಳೆಯ ಸುಂಕದ ಮೇಲೆ ಅಮೆರಿಕ ಇನ್ನೂ ಶೇ 10 ಹೇರಿತು. ಹೆಚ್ಚಿನ ಕೆನಡಾ ಕಂಪನಿಗಳಿಗೆ ಆಗ ಒಟ್ಟು ಸುಂಕ ಶೇ 45ರ ಆಸುಪಾಸಾಯಿತು. ಈ ಸಲದ ನೆಪ ಸಬ್ಸಿಡಿಯೂ ಅಲ್ಲ, ರಾಷ್ಟ್ರೀಯ ಭದ್ರತೆಯಂತೆ. ಪೈನ್ ಹಲಗೆಯಿಂದ ದೇಶಕ್ಕೇನು ಗಂಡಾಂತರ ಎಂಬುದನ್ನು ಲೇಖಕರೇ ಬಿಡಿಸಿ ಹೇಳಲಿ.